ನೆರೆಯೂರಿನ ಮಗ್ಗದ ಸದ್ದು

ಚಳ್ಳಕೆರೆಯಿಂದ ಬಳ್ಳಾರಿಗೆ ಹೋಗುವ ಹೆದ್ದಾರಿಯಲ್ಲಿ ತಳಕು ದಾಟಿ ಮುಂದೆ ಬಂದರೆ ಬಿ.ಜಿ. ಕೆರೆ ಸಿಗುತ್ತದೆ. ಪೂರ್ತಿ ಹೆಸರು ಬೊಮ್ಮಗೊಂಡನಕೆರೆ. ಅಷ್ಟುದ್ದ ಕರೆಯುವಷ್ಟು ಪುರುಸೊತ್ತು ಬಸ್ ಕಂಡಕ್ಟರನಿಗೂ ಇಲ್ಲ, ಊರಿನವರಿಗೂ ಇಲ್ಲ. ಸುತ್ತ ಕಲ್ಲುಗುಡ್ಡ, ಕುರುಚಲು ಕಾಡು. ಮಳೆ ಬಂದರೆ ಶೇಂಗಾ, ಬಾರದಿದ್ದರೆ ಬರೀ ಆಕಾಶ.

ಇಲ್ಲಿನ ಟೀ ಅಂಗಡಿಯ ಮುಂದೆ ಅರ್ಧ ಗಂಟೆ ಕೂತರೆ ಸಾಕು, ನೆರೆಯವರ ಸಿರಿತನದ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ಉತ್ತರಕ್ಕೆ ಬಳ್ಳಾರಿ: ಅದಿರು, ಜೀನ್ಸ್. ಪೂರ್ವಕ್ಕೆ ಆಂಧ್ರದ ರಾಯದುರ್ಗ, ಅದರಾಚೆ ಧರ್ಮಾವರಂ: ಪಟ್ಟೆ ಸೀರೆ. ದಕ್ಷಿಣಕ್ಕೆ ಚಳ್ಳಕೆರೆ: ಒಂದು ಕಾಲಕ್ಕೆ ಎಣ್ಣೆ ಗಿರಣಿಗಳಿಂದ 'ಎರಡನೇ ಮುಂಬೈ' ಎನಿಸಿಕೊಂಡ ಊರು. "ಅಲ್ಲೇನಣ್ಣಾ, ಬಿಡು, ದುಡ್ಡು ಹರೀತದೆ. ನಮ್ಮ ಕಡೆ ಏನೈತಿ?" ಎನ್ನುವ ಮಾತು ಈ ಭಾಗದಲ್ಲಿ ಹುಟ್ಟಿ ಬೆಳೆದ ಯಾರಿಗೂ ಹೊಸದಲ್ಲ.

ಪಕ್ಕದವನು ನಮಗಿಂತ ಉಳ್ಳವನಾದಾಗ ಅವನನ್ನು ಹೇಗೆ ನೋಡಬೇಕು? ಹೊಟ್ಟೆಕಿಚ್ಚಿನಿಂದಲೇ? ಕೈಚೆಲ್ಲಿಯೇ? ಅಥವಾ ಬೇರೆ ದಾರಿಯೂ ಉಂಟೇ? ಇದು ಹಳ್ಳಿಯ ಕಟ್ಟೆಯ ಮೇಲಿನ ಪ್ರಶ್ನೆ ಮಾತ್ರವಲ್ಲ. ಸೂರ್ಯ ಮುಳುಗದ ಸಾಮ್ರಾಜ್ಯ ಆಳಿದ ಬ್ರಿಟನ್ನಿನ ಜನರೂ ತಮ್ಮ ನೆರೆಯ ಜರ್ಮನಿಯನ್ನು ನೋಡುತ್ತ ನೂರು ವರ್ಷಕ್ಕೂ ಹೆಚ್ಚು ಕಾಲ ಇದೇ ಪ್ರಶ್ನೆ ಕೇಳಿಕೊಂಡಿದ್ದಾರೆ. ಅವರ ಕತೆಗೂ ನಮ್ಮ ಮೊಳಕಾಲ್ಮೂರು ಸೀರೆಗೂ ಸಂಬಂಧವುಂಟು ಎಂದರೆ ನಂಬುತ್ತೀರಾ?

ಒಂದೇ ಮಳೆ, ಎರಡು ಊರು

ಮೊದಲು ನಮ್ಮ ಮನೆಯ ವಿಷಯ. ಮೊಳಕಾಲ್ಮೂರು ರೇಷ್ಮೆ ಸೀರೆ ಬಲ್ಲವರು ಬಲ್ಲ ಸೀರೆ. ಒಡಲಿಗೊಂದು ಬಣ್ಣ, ಅಂಚಿಗೆ ಎದ್ದು ಕಾಣುವ ಇನ್ನೊಂದು ಬಣ್ಣ, ಮೇಲೆ ಹೂವು, ಹಣ್ಣು, ಹಕ್ಕಿ, ಪ್ರಾಣಿಗಳ ಚಿತ್ತಾರ. ಅಂಚು ಮತ್ತು ಒಡಲಿನ ಬಣ್ಣ ಒಂದಕ್ಕೊಂದು ಬೆರೆಯಬಾರದೆಂದರೆ ಎಡ ಅಂಚಿಗೊಂದು, ಒಡಲಿಗೊಂದು, ಬಲ ಅಂಚಿಗೊಂದು ಹೀಗೆ ಮೂರು ಲಾಳಿ ಓಡಬೇಕು. ಪ್ರತಿ ಎಳೆಗೂ ಅಂಚನ್ನು ಒಡಲಿಗೆ ಕೈಯಿಂದಲೇ ಕೂಡಿಸಬೇಕು. ಕಣ್ಣು, ಕೈ, ಕಾಲು ಮೂರೂ ಒಟ್ಟಿಗೆ ದುಡಿಯುವ ಕೆಲಸವಿದು. ಕಲಿಯಲು ವರ್ಷಗಳು ಬೇಕು.

ಊರಿನ ಹೆಸರಿಗೇ ಕಾನೂನಿನ ರಕ್ಷಣೆ ಕೊಡುವ ಭೌಗೋಳಿಕ ಸೂಚಕ ಕಾಯ್ದೆ ನಮ್ಮ ದೇಶದಲ್ಲಿ 1999ರಲ್ಲಿ ರೂಪುಗೊಂಡು 2003ರಲ್ಲಿ ಜಾರಿಗೆ ಬಂತು. 2010-11ರ ಸಾಲಿನಲ್ಲಿ ಮೊಳಕಾಲ್ಮೂರು ಸೀರೆಗೆ ಆ ಮಾನ್ಯತೆ ಸಿಕ್ಕಿತು. ಧರ್ಮಾವರಂ ಪಟ್ಟೆ ಸೀರೆಗೆ ಅದು ದೊರೆತದ್ದು ಆಮೇಲೆ. ಅಂದರೆ ಹೆಸರಿನ ಪಟ್ಟಿಯಲ್ಲಿ ನಾವೇ ಮುಂದೆ!

ಆದರೆ ಸಂತೆಯಲ್ಲಿ? ಧರ್ಮಾವರಂ ಮೊಳಕಾಲ್ಮೂರಿನಿಂದ ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರ. ಅದು ಅನಂತಪುರ ಜಿಲ್ಲೆಯಲ್ಲಿತ್ತು. 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಅಲ್ಲಿನ ನೆಲವೂ ಬರದ ನೆಲವೇ, ಬೆಳೆಯೂ ಶೇಂಗಾವೇ. ಅನಂತಪುರದ ಬರಗಾಲದ ಕತೆ ನಮ್ಮದಕ್ಕಿಂತ ಕಡಿಮೆಯೇನಲ್ಲ. ಆದರೂ ಅಲ್ಲಿ ಮಗ್ಗಗಳನ್ನು ಸಾವಿರಗಳ ಲೆಕ್ಕದಲ್ಲಿ ಎಣಿಸುತ್ತಾರೆ. ಬೀದಿ ತುಂಬ ಸೀರೆ ಅಂಗಡಿ, ದೂರದೂರದ ಊರುಗಳಿಂದ ಬರುವ ವ್ಯಾಪಾರಿಗಳು. ನಮ್ಮ ಕಡೆ ಇರುವುದು ಅದರ ಒಂದು ಸಣ್ಣ ಪಾಲು. ದೇಶದಲ್ಲಿ ಅತಿ ಹೆಚ್ಚು ರೇಷ್ಮೆ ಬೆಳೆಯುವ ರಾಜ್ಯ ಕರ್ನಾಟಕ; ಆದರೂ ಮದುವೆ ಸೀರೆ ತರಲು ನಮ್ಮವರೇ ಗಡಿ ದಾಟುತ್ತಾರೆ.

ಗಡಿಯಾದರೂ ಎಂಥದು? ಬ್ರಿಟಿಷರ ಕಾಲದಲ್ಲಿ ಮೊಳಕಾಲ್ಮೂರು ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಗೆ, ಪಕ್ಕದ ರಾಯದುರ್ಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿತ್ತು. 1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಹುಟ್ಟಿದಾಗ ಬಳ್ಳಾರಿ ಮೈಸೂರಿಗೆ ಬಂತು. ರಾಯದುರ್ಗ, ಆದೋನಿ, ಆಲೂರು ಆಂಧ್ರಕ್ಕೆ ಹೋದವು. ನಕಾಶೆ ಬದಲಾಯಿತೇ ಹೊರತು ನೆಂಟಸ್ತಿಕೆ ಬದಲಾಗಲಿಲ್ಲ. ಇವತ್ತಿಗೂ ಎರಡೂ ಕಡೆ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಧರ್ಮಾವರಂ ಪರದೇಶವಲ್ಲ, ಪಕ್ಕದ ಬೀದಿ. ಪಕ್ಕದ ಬೀದಿಯಾದ್ದರಿಂದಲೇ ಹೋಲಿಕೆ ಚುಚ್ಚುತ್ತದೆ.

ಅವಮಾನವೇ ಹೆಮ್ಮೆಯಾದ ಕತೆ

ಈಗ ಬ್ರಿಟನ್ನಿಗೆ ಹೋಗೋಣ. ಹತ್ತೊಂಬತ್ತನೆಯ ಶತಮಾನದಲ್ಲಿ ಚಾಕು, ಚೂರಿ, ಕತ್ತರಿ ಎಂದರೆ ಇಂಗ್ಲೆಂಡಿನ ಶೆಫೀಲ್ಡ್. ಜರ್ಮನಿಯಿಂದ ಬರುತ್ತಿದ್ದ ಅಗ್ಗದ ಮಾಲಿನ ಮೇಲೂ ಶೆಫೀಲ್ಡ್ ಮುದ್ರೆ ಕಾಣಿಸಿಕೊಳ್ಳತೊಡಗಿತು. ವಿದ್ಯುತ್ ಮಗ್ಗದ ಸೀರೆಗೆ ಕೈಮಗ್ಗದ ಚೀಟಿ ಅಂಟಿಸಿ ಮಾರುವುದನ್ನು ನಾವು ಕಂಡಿಲ್ಲವೇ, ಹಾಗೆಯೇ. ಜರ್ಮನಿಯ ಮಾಲು ಆಗ ನಿಜಕ್ಕೂ ಕಳಪೆಯೇ ಆಗಿತ್ತು. 1876ರಲ್ಲಿ ಅಮೆರಿಕದ ಫಿಲಡೆಲ್ಫಿಯಾದಲ್ಲಿ ನಡೆದ ವಸ್ತುಪ್ರದರ್ಶನಕ್ಕೆ ಹೋಗಿದ್ದ ಫ್ರಾಂಜ್ ರೂಲೋ ಎಂಬ ಜರ್ಮನ್ ಎಂಜಿನಿಯರನೇ ತನ್ನ ದೇಶದ ಸರಕು ಅಗ್ಗ ಮತ್ತು ಕೆಟ್ಟದ್ದು ಎಂದು ಬರೆದು ತನ್ನವರ ಕೋಪಕ್ಕೆ ಗುರಿಯಾದ.

ಬ್ರಿಟಿಷ್ ಸರ್ಕಾರ 1887ರಲ್ಲಿ ಒಂದು ಕಾಯ್ದೆ ತಂದಿತು. ಹೊರದೇಶದ ಮಾಲು ಬ್ರಿಟಿಷ್ ಹೆಸರು, ಮುದ್ರೆ ಹೊತ್ತು ಬಂದರೆ ಅದು ಎಲ್ಲಿ ತಯಾರಾಯಿತೆಂಬುದನ್ನೂ ಅದರ ಮೇಲೆ ಬರೆಯಬೇಕು. 'ಮೇಡ್ ಇನ್ ಜರ್ಮನಿ' ಎಂದು ಓದಿದ ಗ್ರಾಹಕ ಮೂಗು ಮುರಿದು ವಾಪಸು ಇಡಲಿ ಎಂಬುದು ಲೆಕ್ಕ. ಆದದ್ದು ತದ್ವಿರುದ್ಧ. ಅಷ್ಟರಲ್ಲಿ ಜರ್ಮನ್ನರ ಮಾಲು ಸುಧಾರಿಸಿತ್ತು. ಆ ಮೂರು ಪದಗಳು ಕ್ರಮೇಣ ಒಳ್ಳೆಯ ಸರಕಿನ ಗುರುತೇ ಆಗಿಬಿಟ್ಟವು! 1896ರಲ್ಲಿ ಅರ್ನೆಸ್ಟ್ ವಿಲಿಯಮ್ಸ್ ಎಂಬಾತ ಅದೇ ಹೆಸರಿನ ಪುಸ್ತಕ ಬರೆದು, ಇಂಗ್ಲಿಷರ ಮನೆಯೊಳಗೆ ಎಷ್ಟೊಂದು ಜರ್ಮನ್ ವಸ್ತುಗಳು ಬಂದು ಕೂತಿವೆ ನೋಡಿ ಎಂದು ಗಾಬರಿ ಹುಟ್ಟಿಸಿದ.

ಹದಿನೆಂಟರ ಹುಡುಗ ಮತ್ತು ಬಣ್ಣ

ಜರ್ಮನಿ ಗೆದ್ದದ್ದು ಹೇಗೆ? ಇದಕ್ಕೆ ಉತ್ತರ ನೇಕಾರರ ಮನೆಯ ಒಂದು ವಸ್ತುವಿನಲ್ಲೇ ಇದೆ: ಬಣ್ಣ.

1856ರಲ್ಲಿ ಲಂಡನ್ನಿನ ವಿಲಿಯಂ ಪರ್ಕಿನ್ ಎಂಬ ಹದಿನೆಂಟು ವರ್ಷದ ವಿದ್ಯಾರ್ಥಿ ರಜೆಯಲ್ಲಿ ಮನೆಯಲ್ಲೇ ಪ್ರಯೋಗ ಮಾಡುತ್ತಿದ್ದ. ಮಲೇರಿಯಾ ಔಷಧಿಯಾದ ಕ್ವಿನೈನ್ ತಯಾರಿಸುವುದು ಅವನ ಉದ್ದೇಶ. ಕಲ್ಲಿದ್ದಲಿನ ಡಾಂಬರಿನಿಂದ ತೆಗೆದ ರಾಸಾಯನಿಕದಿಂದ ಕ್ವಿನೈನ್ ಬರಲಿಲ್ಲ. ಬಂದದ್ದು ರೇಷ್ಮೆಗೆ ಹತ್ತಿದರೆ ಬಿಡದ ಸುಂದರ ನೇರಳೆ ಬಣ್ಣ. ಕೃತಕ ಬಣ್ಣಗಳ ದೊಡ್ಡ ಉದ್ಯಮ ಶುರುವಾದದ್ದೇ ಅಲ್ಲಿಂದ. ಶೋಧ ಬ್ರಿಟನ್ನಿನದು, ಕಲ್ಲಿದ್ದಲು ಬ್ರಿಟನ್ನಿನದು, ಬಟ್ಟೆ ಗಿರಣಿಗಳೂ ಬ್ರಿಟನ್ನಿನವೇ. ಉದ್ಯಮ ಮಾತ್ರ ಜರ್ಮನಿಯ ಪಾಲಾಯಿತು!

ಪರ್ಕಿನ್‌ಗೆ ಪಾಠ ಹೇಳಿದ ಗುರು ಹಾಫ್ಮನ್ ಜರ್ಮನ್ನರು. 1865ರಲ್ಲಿ ಅವರು ತಾಯ್ನಾಡಿಗೆ ಮರಳಿದರು. ಅಲ್ಲಿ ವಿಶ್ವವಿದ್ಯಾಲಯಗಳಲ್ಲಿ ಪ್ರಯೋಗಶಾಲೆಗಳು, ಊರೂರಲ್ಲಿ ತಾಂತ್ರಿಕ ಶಾಲೆಗಳು ಎದ್ದಿದ್ದವು. ಬೇಯರ್, ಬಿಎಎಸ್ಎಫ್ ಮುಂತಾದ ಕಾರ್ಖಾನೆಗಳು ರಸಾಯನಶಾಸ್ತ್ರ ಕಲಿತ ಹುಡುಗರನ್ನು ಕರೆದು ಸಂಬಳ ಕೊಟ್ಟು ಸಂಶೋಧನೆಗೆ ಕೂರಿಸಿದವು. 1897ರಲ್ಲಿ ಬಿಎಎಸ್ಎಫ್ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಿತು. ನಮ್ಮ ದೇಶದ ನೀಲಿ ಬೆಳೆ ಕೆಲವೇ ವರ್ಷಗಳಲ್ಲಿ ನೆಲಕಚ್ಚಿತು. 1914ರಲ್ಲಿ ಮಹಾಯುದ್ಧ ಆರಂಭವಾದಾಗ ಬ್ರಿಟನ್ ತನ್ನ ಬಣ್ಣದ ಬಹುಪಾಲನ್ನು ಜರ್ಮನಿಯಿಂದಲೇ ತರಿಸಿಕೊಳ್ಳುತ್ತಿತ್ತು. ತನ್ನ ಸೈನಿಕರ ಖಾಕಿಗೆ ಬೇಕಾದ ಬಣ್ಣಕ್ಕೂ ಶತ್ರುವಿನ ಕಾರ್ಖಾನೆಯನ್ನೇ ನಂಬಿದ್ದ ಪರಿಸ್ಥಿತಿ!

ಮೊದಲು ಕಂಡುಹಿಡಿದವನು ಗೆಲ್ಲುವುದಿಲ್ಲ, ಹೆಸರು ಗಳಿಸಿದವನೂ ಗೆಲ್ಲುವುದಿಲ್ಲ. ಕಲಿಸುವ ವ್ಯವಸ್ಥೆ ಕಟ್ಟಿದವನು ಗೆಲ್ಲುತ್ತಾನೆ ಎಂಬುದು ಈ ಬಣ್ಣದ ಕತೆಯ ಪಾಠ.

ಮೂರು ಬಗೆಯ ನೋಟ

ನೆರೆಯವನ ಏಳಿಗೆಯನ್ನು ಬ್ರಿಟಿಷರು ಮೂರು ಬಗೆಯಲ್ಲಿ ನೋಡಿದ್ದಾರೆ. ಮೊದಲನೆಯದು ತಾತ್ಸಾರ. ಎರಡನೇ ಮಹಾಯುದ್ಧ ಮುಗಿದಾಗ ಫೋಕ್ಸ್‌ವ್ಯಾಗನ್ ಕಾರ್ಖಾನೆ ಬ್ರಿಟಿಷ್ ಸೇನೆಯ ವಶದಲ್ಲಿತ್ತು. ಮೇಜರ್ ಐವನ್ ಹರ್ಸ್ಟ್ ಎಂಬ ಅಧಿಕಾರಿ ಮುರಿದುಬಿದ್ದ ಅದನ್ನು ಮತ್ತೆ ಚಾಲೂ ಮಾಡಿಸಿದರು. ಆದರೆ ಅದನ್ನು ನೋಡಲು ಬಂದ ಬ್ರಿಟಿಷ್ ಕಾರು ತಯಾರಕರಿಗೆ ಜೀರುಂಡೆಯಂಥ ಆ ಕಾರು ಹಿಡಿಸಲಿಲ್ಲ, ಬೇಡವೆಂದು ಹೊರಟುಹೋದರು. 1955ರ ಹೊತ್ತಿಗೆ ಹತ್ತು ಲಕ್ಷದ 'ಬೀಟಲ್' ಕಾರು ಹೊರಬಂತು. 2003ರಲ್ಲಿ ತಯಾರಿಕೆ ನಿಂತಾಗ ಒಟ್ಟು ಸಂಖ್ಯೆ ಎರಡು ಕೋಟಿ ಹತ್ತು ಲಕ್ಷ ದಾಟಿತ್ತು.

ಎರಡನೆಯದು ಭಯ. 1990ರಲ್ಲಿ ಎರಡು ಜರ್ಮನಿಗಳು ಒಂದಾಗುವ ಕಾಲಕ್ಕೆ ಮಾರ್ಗರೆಟ್ ಥ್ಯಾಚರ್ ಸಂಪುಟದ ಸಚಿವ ನಿಕೊಲಾಸ್ ರಿಡ್ಲಿ, ಯೂರೋಪಿನ ಹಣಕಾಸು ಒಕ್ಕೂಟ ಎನ್ನುವುದೇ ಜರ್ಮನ್ನರ ಹೂಟ ಎಂದು ಪತ್ರಿಕೆಯೊಂದಕ್ಕೆ ಹೇಳಿ ಕುರ್ಚಿ ಕಳೆದುಕೊಂಡರು. 1992ರ ಸೆಪ್ಟೆಂಬರ್ 16ರಂದು ಪೌಂಡಿನ ಬೆಲೆ ಕುಸಿದು, ಯೂರೋಪಿನ ವಿನಿಮಯ ವ್ಯವಸ್ಥೆಯಿಂದ ಬ್ರಿಟನ್ ಹೊರಬೀಳಬೇಕಾದಾಗ ಅನೇಕರು ಬೈದದ್ದು ಜರ್ಮನಿಯ ಕೇಂದ್ರ ಬ್ಯಾಂಕನ್ನು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಆ ಮಾತು ಎಲ್ಲ ದೇಶಗಳಿಗೂ ಸಲ್ಲುತ್ತದೆ.

ಮೂರನೆಯದು ತಡವಾಗಿ ಬಂದ ನೋಟ: ಒಪ್ಪಿಕೊಂಡು ಕಲಿಯುವುದು. ಬ್ರಿಟಿಷರ ಹೆಮ್ಮೆಯ ಬೆಂಟ್ಲಿ 1998ರಲ್ಲಿ ಫೋಕ್ಸ್‌ವ್ಯಾಗನ್ ಪಾಲಾಯಿತು. ರೋಲ್ಸ್ ರಾಯ್ಸ್ ಕಾರು 2003ರಿಂದ ಬಿಎಂಡಬ್ಲ್ಯು ಕೈಯಲ್ಲಿದೆ. ಆಕ್ಸ್‌ಫರ್ಡಿನ ಮಿನಿ ಕಾರಿನ ಕಾರ್ಖಾನೆಯೂ ಅದರದೇ. ಮೊದಮೊದಲು ನೊಂದುಕೊಂಡವರು ಆಮೇಲೆ ಕಂಡುಕೊಂಡ ಸಂಗತಿಯೊಂದಿತ್ತು: ಹಣ ಜರ್ಮನಿಯದಾದರೂ ಕೆಲಸ ಮಾಡುವ ಕೈಗಳು ಬ್ರಿಟನ್ನಿನವೇ. ಸರಿಯಾದ ತರಬೇತಿ, ಸರಿಯಾದ ಯಂತ್ರ ಸಿಕ್ಕರೆ ಅದೇ ಕೈಗಳು ಒಳ್ಳೆಯ ಮಾಲು ಕೊಡಬಲ್ಲವು.

ಜರ್ಮನಿಯಲ್ಲಿ ಶಾಲೆ ಮುಗಿಸಿದ ಹುಡುಗ ಹುಡುಗಿಯರಲ್ಲಿ ದೊಡ್ಡ ಸಂಖ್ಯೆಯವರು ಕಾಲೇಜಿಗೆ ಹೋಗದೆ ಕಸುಬಿನ ತರಬೇತಿಗೆ ಸೇರುತ್ತಾರೆ. ವಾರದಲ್ಲಿ ಮೂರು ನಾಲ್ಕು ದಿನ ಕಾರ್ಖಾನೆ ಅಥವಾ ಅಂಗಡಿಯಲ್ಲಿ ಕೆಲಸ, ಒಂದೆರಡು ದಿನ ಕಸುಬಿನ ಶಾಲೆಯಲ್ಲಿ ಪಾಠ. ಕಲಿಯುವಾಗಲೇ ಭತ್ಯೆಯೂ ಉಂಟು. ಬಡಗಿ, ಬೇಕರಿ ಕೆಲಸ, ಯಂತ್ರ ರಿಪೇರಿ ಹೀಗೆ 300ಕ್ಕೂ ಹೆಚ್ಚು ಕಸುಬುಗಳಿಗೆ ಈ ಮಾನ್ಯತೆ ಇದೆ. ಕಸುಬಿನಲ್ಲಿ ಪಳಗಿ ಪರೀಕ್ಷೆ ಗೆದ್ದವನನ್ನು 'ಮೈಸ್ಟರ್' ಎಂದು ಗೌರವದಿಂದ ಕರೆಯುತ್ತಾರೆ. ಕಸುಬು ಅಲ್ಲಿ ಓದು ಹತ್ತದವನ ಕೊನೆಯ ಆಸರೆಯಲ್ಲ. ಅದೂ ಒಂದು ಓದು.

ಎಲ್ಲ ಸಿರಿಯೂ ಒಂದೇ ಅಲ್ಲ

ಇಲ್ಲಿ ಒಂದು ಎಚ್ಚರ ಬೇಕು. ನೆರೆಯವರ ಸಿರಿತನದಲ್ಲೂ ಎರಡು ಜಾತಿ. ಒಂದು ಅಗೆದು ತೆಗೆದದ್ದು, ಇನ್ನೊಂದು ಕಲಿತು ಗಳಿಸಿದ್ದು. 2003ರ ನಂತರ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿದಾಗ ಬಳ್ಳಾರಿ ಕಡೆಯ ವೈಭವ ನೋಡಿ ನಮ್ಮ ಹುಡುಗರ ಕಣ್ಣು ಕೋರೈಸಿತ್ತು. 2011ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಅಲ್ಲಿನ ಗಣಿಗಾರಿಕೆ ನಿಲ್ಲಿಸಿತು. ಮುಂದೆ ಷರತ್ತುಗಳೊಂದಿಗೆ ಗಣಿಗಳು ತೆರೆದರೂ ಆ ಹುಚ್ಚು ಓಟ ಮರಳಲಿಲ್ಲ. ಲಾರಿಗೆಂದು ಸಾಲ ಮಾಡಿದವರಿಗೆ ಉಳಿದದ್ದು ಕಂತು.

ಚಳ್ಳಕೆರೆಯ ಎಣ್ಣೆ ಗಿರಣಿಗಳದ್ದು ಇನ್ನೊಂದು ಪಾಠ. ಸುತ್ತಲಿನ ಶೇಂಗಾ ನಂಬಿ ಬೆಳೆದ ಊರದು. ಬರ ಬಿದ್ದು ಬೆಳೆ ಕೈಕೊಟ್ಟಿತು. 1990ರ ದಶಕದ ಮಧ್ಯದಲ್ಲಿ ಖಾದ್ಯ ತೈಲದ ಆಮದು ಸಡಿಲವಾದಾಗ ಅಗ್ಗದ ತಾಳೆ ಎಣ್ಣೆ ಹಡಗು ಹಡಗಾಗಿ ಬಂತು. ಗಾಣದ ಸದ್ದು ತಗ್ಗಿತು. ನಮಗೆ ದೊಡ್ಡ ನೆರೆಯಾಗಿ ಕಂಡ ಊರಿಗೇ ಅದಕ್ಕಿಂತ ದೊಡ್ಡ ನೆರೆಯೊಂದು ಕಡಲಾಚೆ ಇತ್ತು!

ಧರ್ಮಾವರಂ ಕೂಡ ಸ್ವರ್ಗವಲ್ಲ. ಎಲ್ಲರ ಮನೆಯ ದೋಸೆಯೂ ತೂತೇ. ರೇಷ್ಮೆ ನೂಲಿನ ಬೆಲೆ ಏರಿದಾಗ, ವಿದ್ಯುತ್ ಮಗ್ಗದ ಅಗ್ಗದ ಸೀರೆ ಸಂತೆ ತುಂಬಿದಾಗ ಅಲ್ಲಿನ ಕೂಲಿ ನೇಕಾರರು ಸಾಲದಲ್ಲಿ ಮುಳುಗಿದ್ದಾರೆ. ಸಾಲ ತೀರಿಸಲಾರದೆ ಜೀವ ಕಳೆದುಕೊಂಡವರ ಸುದ್ದಿಗಳೂ ಅಲ್ಲಿಂದ ಬಂದಿವೆ. ಕೆಲವು ಬಗೆಯ ಸೀರೆಗಳನ್ನು ಕೈಮಗ್ಗಕ್ಕೇ ಮೀಸಲಿಟ್ಟ 1985ರ ಕಾಯ್ದೆ ಇದ್ದರೂ ಅದನ್ನು ಮೀರುವವರು ಎರಡೂ ರಾಜ್ಯಗಳಲ್ಲಿದ್ದಾರೆ. ಅಂಗಡಿಯ ಝಗಮಗ ನೋಡಿ ಮಗ್ಗದ ಗುಂಡಿಯಲ್ಲಿ ಕಾಲಿಟ್ಟವನ ಕಷ್ಟ ಮರೆಯಬಾರದು. ಜರ್ಮನಿಯೂ ಅಷ್ಟೇ. 2005ರಲ್ಲಿ ಅಲ್ಲಿ ನಿರುದ್ಯೋಗಿಗಳ ಸಂಖ್ಯೆ 50 ಲಕ್ಷ ಮುಟ್ಟಿತ್ತು. 2023 ಮತ್ತು 2024ರಲ್ಲಿ ಸತತ ಎರಡು ವರ್ಷ ಅದರ ಅರ್ಥವ್ಯವಸ್ಥೆ ಕುಗ್ಗಿತು. ಆದರೂ ಅದು ಬ್ರಿಟನ್ನಿಗಿಂತ ದೊಡ್ಡದಾಗಿಯೇ ಉಳಿದಿದೆ.

ಮಗಳು ಮಗ್ಗಕ್ಕೆ ಕೂರಬೇಕೇ?

ಮೊಳಕಾಲ್ಮೂರಿನ ನೇಕಾರರ ಮನೆಗಳಲ್ಲಿ ಪ್ರತಿವರ್ಷ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದಾಗ ನಡೆಯುವ ಮಾತು ಇದು. "ನಮ್ಮ ಕಷ್ಟ ನಮಗೇ ಸಾಕು, ನೀನಾದರೂ ಓದಿ ಬೆಂಗಳೂರು ಸೇರವ್ವಾ" ಎನ್ನುತ್ತಾರೆ ಅಪ್ಪ. ಅವರ ಮಾತಿನಲ್ಲಿ ತಪ್ಪೇನಿಲ್ಲ. ದಿನವಿಡೀ ಬೆನ್ನು ಬಾಗಿಸಿದರೂ ಕೈಗೆ ಬರುವ ಕೂಲಿ ಎಷ್ಟೆಂದು ಅವರಿಗೆ ಗೊತ್ತು. ಮಕ್ಕಳನ್ನು ಮಗ್ಗಕ್ಕೆ ಕಟ್ಟಿಹಾಕಿ ಎಂದು ಹೇಳುವ ಹಕ್ಕು ಪೇಟೆಯಲ್ಲಿ ಕೂತು ಸೀರೆ ಉಡುವವರಿಗೆ ಇಲ್ಲ.

ಆದರೆ ಇನ್ನೊಂದು ಮಾತೂ ನಿಜ. ಮೂರು ಲಾಳಿ ಬಲ್ಲ ಕೈಗಳಿಗೆ ವಯಸ್ಸಾಗುತ್ತಿದೆ. ಆ ಕೈಗಳು ನಿಂತರೆ ಭೌಗೋಳಿಕ ಸೂಚಕದ ಪ್ರಮಾಣಪತ್ರ ಗೋಡೆಯ ಮೇಲಿನ ಕಾಗದ ಮಾತ್ರ. ಬ್ರಿಟನ್ನಿನ ಬಳಿ ಪರ್ಕಿನ್ನನ ಬಣ್ಣ ಇದ್ದಂತೆ ನಮ್ಮ ಬಳಿ ಮೊಳಕಾಲ್ಮೂರಿನ ಹೆಸರಿದೆ. ಹೆಸರಿನ ಹಿಂದೆ ಶಾಲೆ ಇಲ್ಲದಿದ್ದರೆ ಏನಾಗುತ್ತದೆಂದು ಆ ಕತೆ ಹೇಳಿದೆಯಲ್ಲ.

ಮಗ್ಗವೋ ಓದೋ ಎಂದು ಪ್ರಶ್ನೆಯನ್ನು ಎರಡು ಹೋಳು ಮಾಡಬೇಕಾಗಿಲ್ಲ. ಒಂದು ಸೀರೆಯ ಹಿಂದೆ ನೇಯುವವರಷ್ಟೇ ಇರುವುದಿಲ್ಲ. ನೂಲಿಗೆ ಮಾಸದ ಬಣ್ಣ ಹಾಕಲು ರಸಾಯನಶಾಸ್ತ್ರ ಬೇಕು. ಹೊಸ ಚಿತ್ತಾರಕ್ಕೆ ಕಲೆ, ಕಂಪ್ಯೂಟರ್ ಬೇಕು. ಸಹಕಾರ ಸಂಘದ ಲೆಕ್ಕಕ್ಕೆ ವಾಣಿಜ್ಯ ಓದಿದವರು ಬೇಕು. ಮಧ್ಯವರ್ತಿಯ ಕೈತಪ್ಪಿಸಿ ನೇರವಾಗಿ ಗಿರಾಕಿಗೆ ಮಾರಲು ಮಾತು, ಭಾಷೆ ಬಲ್ಲವರು ಬೇಕು. ಧರ್ಮಾವರಂ ಮುಂದಿರುವುದು ನೇಯ್ಗೆಯ ಜಾಣ್ಮೆಯಿಂದಷ್ಟೇ ಅಲ್ಲ. ನೂಲು, ಬಣ್ಣ, ವಿನ್ಯಾಸ, ವ್ಯಾಪಾರ ಎಲ್ಲವೂ ಒಂದೇ ಊರಿನಲ್ಲಿ ಕೈಗೆ ಸಿಗುವುದರಿಂದ.

ಗದಗ-ಬೆಟಗೇರಿಯಲ್ಲಿರುವ ಕೈಮಗ್ಗ ತಂತ್ರಜ್ಞಾನ ಸಂಸ್ಥೆಯಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವರಿಗೆ ಕೈಮಗ್ಗ ಮತ್ತು ಜವಳಿ ತಂತ್ರಜ್ಞಾನದ ಡಿಪ್ಲೊಮಾ ಇದೆ. ತಮಿಳುನಾಡಿನ ಸೇಲಂನಲ್ಲಿ ಕೇಂದ್ರ ಸರ್ಕಾರದ ಇಂಥದೇ ಸಂಸ್ಥೆಯಿದೆ. ಬೆಂಗಳೂರಿನಲ್ಲಿ ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆಯಿದೆ. ಅರ್ಜಿ, ಶುಲ್ಕ, ವಿದ್ಯಾರ್ಥಿವೇತನದ ವಿವರವನ್ನು ಜಿಲ್ಲಾ ಕೈಮಗ್ಗ ಮತ್ತು ಜವಳಿ ಇಲಾಖೆಯ ಕಚೇರಿಯಲ್ಲಿ ಕೇಳಬಹುದು. ಮಗ ಎಂಜಿನಿಯರೇ ಆಗಬೇಕೆಂದು ಸಾಲ ಮಾಡುವ ಮೊದಲು ಈ ದಾರಿಯನ್ನೂ ಒಮ್ಮೆ ವಿಚಾರಿಸಿ.

ಹೊರಡುವ ಮುನ್ನ ಒಂದು ಸಣ್ಣ ಕೆಲಸ. ವಿದ್ಯಾರ್ಥಿ ಮಿತ್ರರೇ, ಮನೆಯಲ್ಲಿ ಅಮ್ಮನ ರೇಷ್ಮೆ ಸೀರೆ ಇದ್ದರೆ ಕೇಳಿ ತೆಗೆದು, ಅಂಚು ಒಡಲಿಗೆ ಸೇರುವ ಜಾಗವನ್ನು ಹಿಂದುಮುಂದು ತಿರುಗಿಸಿ ನೋಡಿ. ಆಮೇಲೆ ಒಂದು ಭಾನುವಾರ ಅಪ್ಪನನ್ನು ಕರೆದುಕೊಂಡು ಧರ್ಮಾವರಂ ಬಸ್ಸು ಹತ್ತಿ. ಅಂಗಡಿಗೆ ಹೋಗುವ ಮೊದಲು ಮಗ್ಗದ ಮನೆಗೆ ಹೋಗಿ. ನೂಲು ಎಲ್ಲಿಂದ ಬಂತು, ಬಣ್ಣ ಹಾಕಿದವರು ಯಾರು, ಸೀರೆ ಯಾರ ಕೈಗೆ ಎಷ್ಟಕ್ಕೆ ಹೋಗುತ್ತದೆ ಎಂದು ಕೇಳಿ ಬರೆದುಕೊಳ್ಳಿ. ಅಂದು ಜೀರುಂಡೆ ಕಾರನ್ನು ನೋಡಲು ಬಂದವರೂ ಕಾರ್ಖಾನೆಯನ್ನು ನೋಡಿದ್ದರು. ಪಾಪ, ಅವರು ಪ್ರಶ್ನೆ ಕೇಳಲಿಲ್ಲ.